ಬಿಳಿ ಹಾತಮೋಜಾ

ಸತ್ಯಪ್ಪ ಮೀಸೆ ಬೋಳಿಸಿಕೊಂಡು ಬಂದ ದಿನ ಅವನ ತಾಯಿ ಸಾತವ್ವ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಅಂಗಳಕ್ಕೆ ಓಡಿದಳು. ಸೊಸೆ ರಾಯವ್ವ ಸೀಯುತ್ತಿದ್ದ ರೊಟ್ಟಿಯನ್ನು ಬರಿಗೈಯಲ್ಲೇ ತೆಗೆದು, ಬೆರಳು ಊದಿಕೊಳ್ಳುತ್ತ ಬಾಗಿಲ ಮರೆಯಿಂದ ನೋಡಿದಳು.

“ಅಪ್ಪ ಗುಂಡಕಲ್ಲಿನಂಗ ಕುಂತಾನ. ಯಾರ ಸತ್ತಾರಂತ ಮೀಸಿ ತಗದ್ಯೋ ನೀ?”

“ಯಾರೂ ಸತ್ತಿಲ್ಲ ಯವ್ವಾ. ನಾಟಕದಾಗ ಮೇಡಂ ಪಾರ್ಟು ಸಿಕ್ಕೈತಿ.”

“ಹೆಂಗಸಿನ ಪಾರ್ಟ?”

“ಹೆಂಗಸಿಗೆ ಮೀಸಿ ಇರತಾವೇನು ಮತ್ತ?”

“ನಿನ್ನ ಹೇಂತಿಗಂತೂ ಇಲ್ಲ. ಇನ್ನ ಮ್ಯಾಲೆ ಇಬ್ಬರೂ ಒಂದ ಕನ್ನಡಿ ಮುಂದ ನಿಂತು ಕುಂಕುಮ ಹಚ್ಕೋರಿ.”

ರಾಯವ್ವನಿಗೆ ನಗು ಬಂತು. ಅತ್ತೆಯ ಕಣ್ಣಲ್ಲಿ ನೀರು ಕಂಡು ನುಂಗಿಕೊಂಡಳು.

ಆ ಸೀಮೆಯಲ್ಲಿ ಮಗ ಮೀಸೆ ತೆಗೆಯುವುದು ಅಪ್ಪ ಸತ್ತಾಗ ಮಾತ್ರ. ಈ ಮನೆಯಲ್ಲಿ ಅದಕ್ಕೆ ಇನ್ನೊಂದು ಗಂಟು ಹೆಚ್ಚಿಗೆ ಬಿದ್ದಿತ್ತು. ಹಳ್ಳಿಯಲ್ಲಿದ್ದಾಗ, ಗೌಡರ ವಾಡೆಯ ಮುಂದೆ ಮೀಸೆ ತಿರುವಿದನೆಂದು ಸತ್ಯಪ್ಪನ ಅಜ್ಜನನ್ನು ಕಟ್ಟೆಯ ಕೆಳಗೆ ಕೂಡಿಸಿ, ಒಂದೇ ಕಡೆಯ ಮೀಸೆ ಬೋಳಿಸಿ ಕಳಿಸಿದ್ದರು. ಅಜ್ಜ ಉಳಿದರ್ಧ ಮೀಸೆ ಹೊತ್ತುಕೊಂಡೇ ಹೆಂಡತಿ ಮಕ್ಕಳ ಜೊತೆ ಗೋಕಾಕಕ್ಕೆ ನಡೆದು ಬಂದ. ಮತ್ತೆ ಹಳ್ಳಿಗೆ ಹೋಗಲಿಲ್ಲ. ಅಂದಿನಿಂದ ಆ ಮನೆಯ ಗಂಡಸರ ಮೀಸೆಗೆ ಪರರ ಕತ್ತಿ ಸೋಕಿರಲಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಭೀಮರಾಯ ಮಗನ ಮುಖವನ್ನು ಬಹಳ ಹೊತ್ತು ನೋಡಿದ. “ನೀನ ಕೆರಕೊಂಡ್ಯೇನು? ತುಟಿ ಕೊಯ್ದೈತಿ. ಅರಿಷಿಣ ಹಚ್ಚಕೋ,” ಎಂದಷ್ಟೇ ಹೇಳಿದ. ಸಾತವ್ವನಿಗೆ ಇದರಿಂದ ಇನ್ನೂ ಸಿಟ್ಟು ಬಂತು. ಅಪ್ಪ–ಮಗ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಅವಳಿಗೆ ತಿಳಿದುಹೋಯಿತು.

ನೂಲಿನ ಗಿರಣಿಯ ಹುಡುಗರು ಸೇರಿ ಒಂದು ನಾಟ್ಯ ಸಂಘ ಕಟ್ಟಿಕೊಂಡಿದ್ದರು. ವರ್ಷಕ್ಕೊಂದು ನಾಟಕ. ಆ ನಾಟಕಗಳಲ್ಲಿ ಸತ್ಯಪ್ಪನ ಕೇರಿಯವರಿಗೂ ಜಾಗ ಇತ್ತು: ರಂಗದ ಮೂಲೆಯಲ್ಲಿ, ಪರದೆಯ ಹೊರಗೆ, ಹಲಗೆ ಬಾರಿಸುತ್ತ. ನಾಗಪುರದಲ್ಲಿ ಲಕ್ಷಾಂತರ ಜನ ಬೌದ್ಧರಾದ ಸುದ್ದಿ ಬಂದ ಮರುವರ್ಷ ಭೀಮರಾಯನ ಮನೆಯವರು ಬುದ್ಧನ ಪಟ ತಂದು ಗೋಡೆಗೆ ಹಾಕಿದರು, ಹಲಗೆಯನ್ನು ಅಟ್ಟಕ್ಕೆ ಎಸೆದರು. ಹಲಗೆ ಬಿಟ್ಟ ಮೇಲೆ ನಾಟಕದಲ್ಲಿ ಆ ಮೂಲೆಯೂ ಇಲ್ಲದಾಯಿತು. ಗಿರಣಿಯಲ್ಲಿ ಎಲ್ಲರ ಜೊತೆ ನೂಲು ತೆಗೆಯುವ ಸತ್ಯಪ್ಪನಿಗೆ ಒಂದೇ ಹಟ. ಆ ರಂಗದ ನಡುವೆ ತಾನು ನಿಲ್ಲಬೇಕು, ಊರು ಕೆಳಗೆ ಕುಳಿತು ನೋಡಬೇಕು.

ಈ ವರ್ಷ ಸಂಘಕ್ಕೆ ನಾಟಕ ಕಲಿಸುವ ಹನಮಂತ ಮಾಸ್ತರರು ತಾವೇ ಒಂದು ನಾಟಕ ಬರೆದಿದ್ದರು. ಶ್ರೀಮಂತರ ಮಗನೊಬ್ಬ ಕ್ಲಬ್ಬಿಗೆ ಹೋಗಿ, ಅಲ್ಲಿ ಮೇಡಂ ಒಬ್ಬಳ ಕೈಹಿಡಿದು ಕುಣಿದು, ಮನೆಮಾರು ಹಾಳು ಮಾಡಿಕೊಂಡು ಕೊನೆಗೆ ಹೆಂಡತಿಯ ಕಾಲಿಗೆ ಬೀಳುವ ಕಥೆ. ಕಾಲಿಗೆ ಬೀಳುವುದನ್ನು ನೋಡಲು ಯಾರು ಬರುತ್ತಾರೆ? ಜನ ಬರುವುದು ಕುಣಿತಕ್ಕೆ. ಆದರೆ ಬಿಳಿ ಸಾಹೇಬರು ಜೋಡಿಯಾಗಿ ಕುಣಿಯುವುದು ಹೇಗಿರುತ್ತದೆಂದು ಸಂಘದಲ್ಲಿ ಯಾರೂ ಕಂಡಿರಲಿಲ್ಲ. ಕಂಡವನು ಭೀಮರಾಯನೊಬ್ಬನೇ. ಸಾಹೇಬರು ದೇಶ ಬಿಡುವವರೆಗೂ ಅವನು ಬೆಳಗಾವಿ ಕ್ಯಾಂಪಿನ ಕ್ಲಬ್ಬಿನಲ್ಲಿ ಬೇರರ್ ಚಾಕರಿ ಮಾಡಿದವನು. ಹೀಗಾಗಿ ಮಾಸ್ತರರು ಕೇರಿಗೆ ಬಂದರು, ಅಂಗಳದ ಆಚೆ ನಿಂತೇ ಕೇಳಿದರು. ಭೀಮರಾಯ ತಲೆ ಕೆರೆದುಕೊಂಡು, “ಕಲಸ್ತೇನ್ರಿ. ಖರೆ, ಮೇಡಂ ಪಾರ್ಟು ನಮ್ಮ ಹುಡುಗಗ ಕೊಡಬೇಕು,” ಎಂದ. ಮೀಸೆ ತೆಗೆಯಲು ಸಂಘದಲ್ಲಿ ಬೇರೆ ಯಾರೂ ಒಪ್ಪಿರಲಿಲ್ಲ. ಮಾಸ್ತರರು ಹೂಂ ಅಂದರು.

ಕಲಿಕೆ ಮನೆಯ ಅಂಗಳದಲ್ಲೇ ಸುರುವಾಯಿತು. ಮೊದಲ ಪಾಳಿ ಮುಗಿದ ಭೋಂಗಾ ಕೂಗಿ ಸತ್ಯಪ್ಪ ಮನೆಗೆ ಬಂದು, ಉಂಡು, ಕೈತೊಳೆದರೆ ಸಾಕು, ಭೀಮರಾಯ ಕರೆಯುತ್ತಿದ್ದ.

“ರಾಯವ್ವಾ, ಬಾ ತಂಗಿ. ನೀ ಸಾಹೇಬ ಆಗು.”

“ನಾನಾ? ಯಾಕ್ರಿ ಮಾವಾರ, ನನ್ನ ಜೀವಾ ತಗೀತೀರಿ?”

“ಇವ ಮೇಡಂ ಆದ ಮ್ಯಾಲೆ ಇವನ ಜೋಡಿ ಸಾಹೇಬ ಬೇಕಲ್ಲ. ನಿನ್ನ ಅತ್ತಿ ಬರತಾಳೇನು ಕೇಳು.”

“ನನ್ನ ಸುಡಗಾಡಿಗೆ ಕುಣಕೋಂತ ಒಯ್ರಿ ಬೇಕಾದ್ರ,” ಒಳಗಿನಿಂದ ಸಾತವ್ವ ಕೂಗಿದಳು.

ಸೊಸೆ ಗಂಡನ ಕೈ ಹಿಡಿಯುವುದನ್ನು ಮಾವ ನೋಡಬಾರದು. ಭೀಮರಾಯ ಗೋಡೆಯ ಕಡೆ ಮುಖ ಮಾಡಿ ಕುಳಿತು, ಕಾಲಸಪ್ಪಳ ಕೇಳಿಯೇ ತಪ್ಪು ಹಿಡಿಯುತ್ತಿದ್ದ. “ಕಾಲ ಎತ್ತಬ್ಯಾಡ. ನೆಲ ಸಾರಸಿದಂಗ ಜಾರಬೇಕು. ತಲಿ ಮ್ಯಾಲೆ ಕೊಡ ಐತಿ ಅನ್ಕೋ. ಬಲಗೈ ಅವಳ ಕೈಯಾಗ ಐತಿಲ್ಲೋ? ಬಿಗಿ ಹಿಡಿ, ಬೆವರಿದ್ರೂ ಬಿಡಬ್ಯಾಡ.”

ಮಗ್ಗುಲ ಮನೆಯ ಉದ್ದವ್ವ ಕೂಸನ್ನು ಬಗಲಿಗೆ ಹಾಕಿಕೊಂಡು ಬಂದು ನಿಲ್ಲುತ್ತಿದ್ದಳು. “ರಾಯವ್ವಾ, ನಿನ್ನ ಮೇಡಂ ಚಂದ ಅದಾಳ ಬಿಡವಾ. ಹಿಟ್ಟು ನಾದಾಕ ಬರತೈತೇನು ಕೇಳು.” ರಾಯವ್ವನ ಕಿವಿ ಕೆಂಪಾಗುತ್ತಿದ್ದವು. ಮದುವೆಯಾಗಿ ಅಂಕಲಗಿಯಿಂದ ಬಂದ ಮೇಲೆ ಹಗಲು ಬೆಳಕಿನಲ್ಲಿ ಗಂಡ ಅವಳ ಕೈ ಹಿಡಿದದ್ದು ಇದೇ ಮೊದಲು. ನಾಟಕ ಎಂದೂ ಮುಗಿಯದಿರಲಿ ಎಂದು ಅವಳಿಗೆ ಒಳಗೊಳಗೇ ಅನಿಸುತ್ತಿತ್ತು.

ತಾಲೀಮು ನಡೆಯುತ್ತಿದ್ದ ಹಳೆಯ ಧರ್ಮಶಾಲೆಯಲ್ಲಿ ಮಾತ್ರ ಕಾಲು ಸರಿಬಂದರೂ ಕೈ ಸರಿಬರಲಿಲ್ಲ. ಹೀರೋ ಪಾರ್ಟು ಶಿದ್ರಾಮನದು. ಗಿರಣಿ ಆಫೀಸಿನ ಕಾರಕೂನ, ಮೇಲಿನ ಓಣಿಯವನು. ದನಿ ಚೆನ್ನಾಗಿತ್ತು, ಪರದೆಯ ಬಟ್ಟೆ ಅವನ ಮನೆಯವರು ಕೊಡಿಸಿದ್ದರು. ಸತ್ಯಪ್ಪ ಕೈ ಚಾಚಿದರೆ ಅವನು ಎರಡೂ ಕೈ ಜೇಬಿಗೆ ಹಾಕಿಕೊಂಡು ಮಾಸ್ತರರ ಮುಖ ನೋಡುತ್ತಿದ್ದ.

“ಭೀಮರಾಯ, ಕೈ ಹಿಡೀಲಾರದ ಕುಣ್ಯಾಕ ಬರಂಗಿಲ್ಲೇನು?” ಮಾಸ್ತರರು ಕೇಳಿದರು.

ಭೀಮರಾಯ ಮಗನನ್ನು ನೋಡಿದ, ಶಿದ್ರಾಮನ ಜೇಬು ನೋಡಿದ. “ಒಂದ ಮಾತು ಮರತಿದ್ದೆರಿ. ಸಾಹೇಬ್ರು ಕುಣ್ಯಾಗ ಬಿಳಿ ಹಾತಮೋಜಾ ಹಾಕ್ಕೋತಿದ್ರು. ಅದು ಅವರ ರಿವಾಜು.”

ಕೈಗವಸು! ಎಲ್ಲರ ಮುಖವೂ ಹಗುರಾಯಿತು. ದರ್ಜಿ ಎರಡು ಜೊತೆ ಹೊಲಿದುಕೊಟ್ಟ. ಶಿದ್ರಾಮನ ಕೈ ಜೇಬಿನಿಂದ ಹೊರಬಂತು.

ಆದರೆ ಅವನ ತಾಯಿ ಗೌರವ್ವ ಆ ಕೈಗವಸು ತನ್ನ ಹೊಸ್ತಿಲು ದಾಟಕೂಡದು ಎಂದಳು. ಮಾಸ್ತರರು ಅದಕ್ಕೂ ದಾರಿ ಹುಡುಕಿದರು. ಎರಡೂ ಜೊತೆ ಸತ್ಯಪ್ಪನ ಮನೆಯಲ್ಲೇ ಇರಲಿ, ಅಲ್ಲೇ ಒಗೆದು ಗಂಜಿ ಹಾಕಿ ತರಲಿ. ಮುಟ್ಟಿದ ಬಟ್ಟೆಗೆ ಮೈಲಿಗೆಯಂತೆ, ಅದನ್ನೇ ಒಗೆದುಕೊಟ್ಟರೆ ಮಡಿಯಂತೆ. ಇದನ್ನು ಹೇಳುವಾಗ ಮಾಸ್ತರರಿಗೆ ನಗು ಬರಲಿಲ್ಲ, ಕೇಳುವವರಿಗೂ ಬರಲಿಲ್ಲ.

ಸತ್ಯಪ್ಪ ಅವನ್ನು ತಂದು ಅಡುಗೆಮನೆಯ ನೆಲಕ್ಕೆ ಎಸೆದ. ಸಾತವ್ವ ಪುಂಡಿಪಲ್ಯ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ನನ್ನ ಕೈ ಮುಟ್ಟಾಕ ಅವಗ ಅರಬಿ ಬೇಕು. ಆ ಅರಬಿ ಒಗ್ಯಾಕ ನನ್ನ ಹೇಂತಿ ಬೇಕು. ಹೆಂಗೈತಿ ನೋಡವ್ವಾ ನಾಟಕ!”

“ನಾ ಮೊದಲ ಬ್ಯಾಡಂದೆ. ಬಿಟ್ಟುಬಿಡು,” ಅಂದಳು ಸಾತವ್ವ.

“ಬಿಡಬ್ಯಾಡ,” ಅಂದ ಭೀಮರಾಯ ರೊಟ್ಟಿ ಮುರಿಯುತ್ತ. “ಸಾಹೇಬರ ರಿವಾಜು ಅದು. ನೀನೂ ಹಾಕ್ಕೋತಿಯಲ್ಲ?”

“ಸಾಹೇಬ ಚಂದ ಕಾಣಾಕ ಹಾಕ್ಕೋತಾನ ಅಪ್ಪಾ. ಇವ ಯಾಕ ಹಾಕ್ಕೊಂಡಾನ ನಿನಗ ಗೊತ್ತಿಲ್ಲ? ಹಲಗಿ ಹೊಡಿಯೂದು ಬಿಡಸಿದಿ, ಬುದ್ಧನ ಮುಂದ ಕೈ ಮುಗಿಸಿದಿ. ಈಗ ಮೋಜಾ ಹಾಕಿಸ್ತಿ. ನೀ ಯಾರ ಕಡ್ಯಾಂವ?”

“ಉಣ್ಣು.”

“ಈ ಮನ್ಯಾಗ ಉಣ್ಣೂದು ಒಂದ ಉಳದೈತಿ. ಪಗಾರ ಆದ ಕೂಡಲೇ ಬ್ಯಾರೆ ಖೋಲಿ ನೋಡ್ತೇನಿ.”

ತಾಟನ್ನು ನೂಕಿ ಎದ್ದು ಹೋದ. ಮರುದಿನ ತಾಲೀಮಿಗೂ ಹೋಗಲಿಲ್ಲ. ಸಾತವ್ವನಿಗೆ ಮಗ ನಾಟಕ ಬಿಟ್ಟನೆಂಬ ಸಂತೋಷ ಒಂದು ಕಣ್ಣಿಗೆ, ಮನೆ ಬಿಡುತ್ತಾನೆಂಬ ದುಃಖ ಇನ್ನೊಂದು ಕಣ್ಣಿಗೆ.

ಕೈಗವಸು ಮಾತ್ರ ರಾಯವ್ವನ ಪಾಲಿಗೆ ಬಿದ್ದವು. ಒಗೆದು, ಅನ್ನ ಬಸಿದ ಗಂಜಿಯಲ್ಲಿ ಅದ್ದಿ, ಹಗ್ಗದ ಮೇಲೆ ಬೆರಳು ಮೇಲಾಗಿ ಒಣಹಾಕಿದಳು. ಮಧ್ಯಾಹ್ನ ಮನೆಯಲ್ಲಿ ಅವಳನ್ನು ಬಿಟ್ಟರೆ ಮಾವ ಒಬ್ಬನೇ. ಅವನು ಹಗ್ಗದ ಹತ್ತಿರ ಹೋಗಿ ಒಂದು ಜೊತೆ ಇಳಿಸಿ ಹಾಕಿಕೊಂಡ. ಬೆರಳ ಸಂದಿಗಳನ್ನು ಒಂದೊಂದಾಗಿ ಒತ್ತಿ, ಮಣಿಕಟ್ಟಿನ ಬಳಿ ಎಳೆದು, ಎಡಗೈಯನ್ನು ತಾಟು ಹಿಡಿದಂತೆ ಎದೆಯ ಮಟ್ಟಕ್ಕೆ ತಂದು ನಿಲ್ಲಿಸಿದ. ಸೊಂಟ ತಾನಾಗಿ ಬಾಗಿತು. ಇದು ಒಂದು ದಿನದ ರೂಢಿಯಲ್ಲ ಎಂದು ರಾಯವ್ವನಿಗೆ ತಿಳಿಯಿತು.

“ಮಾವಾರ, ಅಂಗಳದಾಗ ನಮಗ ಕಲಸಾಗ ಮೋಜಾದ ಮಾತ ಎತ್ತಲಿಲ್ಲ ನೀವು. ಬೆವರಿದ್ರೂ ಕೈ ಬಿಡಬ್ಯಾಡ ಅಂತಿದ್ರಿ.”

ಭೀಮರಾಯ ಬೆಚ್ಚಿ ಕೈ ಇಳಿಸಿದ. ಕೈಗವಸಿನ ಬೆರಳು ಒಂದೊಂದಾಗಿ ಬಿಡಿಸುತ್ತ, “ಸಾಹೇಬ್ರು ಬರಿಗೈಲೆ ಕುಣೀತಿದ್ರು,” ಎಂದ. “ಮೋಜಾ ನಾವು ಹಾಕ್ಕೋತಿದ್ವಿ. ತಾಟಿಗೆ ನಮ್ಮ ಕೈ ಹತ್ತಬಾರದಂತ.”

“ಮತ್ತ ಯಾಕ ಹಂಗ ಹೇಳಿದ್ರಿ?”

“ಹೇಳದಿದ್ರ ಶಿದ್ರಾಮ ಕೈ ಹಿಡೀತಿದ್ದೇನವಾ? ಪಾರ್ಟು ಬ್ಯಾರೇದವರಿಗೆ ಹೋಗತಿತ್ತು. ನನ್ನ ಮಗ ನಡುವ ನಿಲ್ಲಲಿ, ಮೋಜಾ ಹಾಕ್ಕೊಂಡಾದ್ರೂ ನಿಲ್ಲಲಿ ಅಂದೆ. ಅವಗ ಹೇಳಬ್ಯಾಡ. ನನ್ನ ಮಾರಿ ನೋಡೂದಿಲ್ಲ ಅವ.”

ರಾಯವ್ವ ಹೇಳಲಿಲ್ಲ. ರೊಟ್ಟಿ ಕಟ್ಟಿಕೊಡುವಾಗ ಗಂಡನಿಗೆ ಇಷ್ಟೇ ಅಂದಳು: “ತಾಲೀಮಿಗೆ ಹೋಗ್ರಿ. ಅಷ್ಟು ದಿನ ನಿಮ್ಮ ಕೈಯಾಗ ಸಾಹೇಬ ಆಗಿ ತಿರಗೇನಿ. ನೀವು ಕುಣಿಯೂದು ನಾ ನೋಡಬೇಕು.”

“ಮೋಜಾ ಹಾಕ್ಕೊಂಡ?”

“ಮೋಜಾ ನಾ ಒಗದದ್ದು. ನಮ್ಮನಿ ಗಂಜಿ ಕುಡದಾವು. ಅವ ಅದರಾಗ ಕೈ ತೂರಿಸ್ತಾನ. ಯಾರ ಮೈಲಿಗಿ ಯಾರಿಗೆ ಹತ್ತೈತಿ, ನೀವ ಲೆಕ್ಕಾ ಹಾಕ್ರಿ.”

ಸತ್ಯಪ್ಪ ನಗಲಿಲ್ಲ. ಆದರೆ ಸಂಜೆ ಧರ್ಮಶಾಲೆಗೆ ಹೋದ.

ನಾಟಕದ ದಿನ ಬಯಲು ತುಂಬಿತ್ತು. ಮುಖ್ಯ ಅತಿಥಿಯಾಗಿ ಬೆಳಗಾವಿಯಿಂದ ನಿವೃತ್ತ ಕರ್ನಲ್ ಒಬ್ಬರು ಬಂದಿದ್ದರು. ಗಿರಿಜಾ ಮೀಸೆಯ ಮುದುಕರು, ಕಿವಿ ಮಂದ, ಹೀಗಾಗಿ ಅವರ ಗುಟ್ಟೂ ಊರಿಗೆಲ್ಲ ಕೇಳುತ್ತಿತ್ತು. ಅವರಿಗೆ ಹಾರ ಹಾಕಿ, ಕರದಂಟಿನ ಪೆಟ್ಟಿಗೆ ಕೊಟ್ಟು, ರಂಗದ ಮುಂದಿನ ಕುರ್ಚಿಯಲ್ಲಿ ಕೂಡಿಸಿದರು. ಹೆಂಗಸರ ಕಡೆ ಮುಂದೆ ಗೌರವ್ವ, ಹಿಂದೆ ಬೇಲಿಯ ಹತ್ತಿರ ಸಾತವ್ವ, ರಾಯವ್ವ, ಉದ್ದವ್ವ. ಭೀಮರಾಯ ಕುಳಿತುಕೊಳ್ಳದೆ ಕಂಬಕ್ಕೆ ಒರಗಿ ನಿಂತಿದ್ದ.

ಕ್ಲಬ್ಬಿನ ಅಂಕ ಬಂತು. ಪರದೆ ಸರಿಯಿತು. ಕರಿ ಕೋಟು, ಬಿಳಿ ಕೈಗವಸು, ಕೈಯಲ್ಲಿ ಶರಬತ್ತಿನ ಗ್ಲಾಸು ಹಿಡಿದು ಶಿದ್ರಾಮ ಎದೆ ಮುಂದೆ ಮಾಡಿ ಬಂದ. ಇನ್ನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕರ್ನಲ್ ಬೆರಳು ಎತ್ತಿದರು.

“ಬೇರರ್! ಈಕಡೆ ತಾ.”

ಶಿದ್ರಾಮ ಗಕ್ಕನೆ ನಿಂತ. ಕರೆದವರು ದೊಡ್ಡವರು. ಕಾರಕೂನನ ಕಾಲು, ಯಾರ ಮಾತೂ ಕೇಳದೆ ತಾನಾಗಿ ನಡೆಯಿತು. ರಂಗದ ಅಂಚಿಗೆ ಬಂದು ಬಾಗಿ ಗ್ಲಾಸು ಕೊಟ್ಟ. ಕರ್ನಲ್ ಗಟಗಟ ಕುಡಿದು, “ಸಕ್ಕರಿ ಕಡಿಮಿ ಆಗೇತಿ” ಎಂದು ಗ್ಲಾಸು ತಿರುಗಿ ಕೊಟ್ಟರು. ಆಮೇಲೆ ಮಗ್ಗುಲಲ್ಲಿದ್ದ ಮಾಸ್ತರರ ಕಡೆ ವಾಲಿದರು. “ಮಾಸ್ತರ, ಹೀರೋ ಯಾವಾಗ ಬರ್ತಾನ್ರಿ?”

“ಇವನ ಹೀರೋ, ಸಾಹೇಬ್ರ.”

“ಇಂವಾ? ಮತ್ತ ತಾಟು ಹಿಡಿಯೋರ ಮೋಜಾ ಯಾಕ ಹಾಕ್ಯಾನ?”

ಇದು ಬಯಲಿನ ಕೊನೆಯವರೆಗೂ ಕೇಳಿತು. ಜನ ಒಮ್ಮೆಲೇ ಹೋ ಎಂದು ನಕ್ಕಿತು. “ಏ ಶಿದ್ರಾಮಾ, ನಮಗೂ ಒಂದ ಗ್ಲಾಸ ತಾರೋ!” ಎಂದು ಗಿರಣಿ ಹುಡುಗರು ಕೂಗಿದರು. ಶಿದ್ರಾಮನ ಮುಖ ಇಂಗಳದಂತಾಯಿತು. ಕೈಗವಸು ಎಳೆದ. ಗಂಜಿ ಕುಡಿದು ಬಿರುಸಾಗಿದ್ದ ಬಟ್ಟೆ ಬೆವರಿಗೆ ಅಂಟಿಕೊಂಡು ಬರಲಿಲ್ಲ. ಬೆರಳ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಕಿತ್ತು ಎಸೆದ. ತನ್ನ ಮನೆಯ ಗಂಜಿ ಅವನ ಬಾಯಿಗೆ ಹೋದದ್ದನ್ನು ಕಂಡು ರಾಯವ್ವ ಸೆರಗು ಕಚ್ಚಿಕೊಂಡಳು. “ಯಾಕ ನಗತಿ?” ಅಂದಳು ಸಾತವ್ವ. “ಏನಿಲ್ರಿ ಅತ್ತಿ.”

ಅಷ್ಟರಲ್ಲಿ ಮೇಡಂ ಬಂದಳು. ಹಾರ್ಮೋನಿಯಂ ಪೇಟಿಯವನು ಏನು ಮಾಡಬೇಕೆಂದು ತಿಳಿಯದೆ ಕುಣಿತದ ಮಟ್ಟನ್ನೇ ತಿರುತಿರುಗಿ ನುಡಿಸುತ್ತಿದ್ದ. ಸತ್ಯಪ್ಪ ಬಿದ್ದಿದ್ದ ಕೈಗವಸು ನೋಡಿದ. ತನ್ನವನ್ನೂ ಬಿಚ್ಚಿ, ಅವುಗಳ ಮೇಲೆ ಹಾಕಿದ. ಬಲಗೈ ಮುಂದೆ ಚಾಚಿ ನಿಂತ. ಕರಿದಾದ, ನೂಲಿನ ಗೀರು ಬಿದ್ದ ಬರಿಗೈ. ಇಡೀ ಗೋಕಾಕ ಆ ಕೈಯನ್ನು ನೋಡಿತು.

ಶಿದ್ರಾಮ ತಾಯಿಯ ಕಡೆ ನೋಡಿದ. ಗೌರವ್ವ ಬೇಡವೆಂದು ತಲೆಯಾಡಿಸಿದಳು. ಜನ ಮತ್ತೆ ನಗಲು ಬಾಯಿ ತೆರೆಯಿತು. ಆ ನಗುವಿಗೆ ಹೆದರಿಯೇ ಶಿದ್ರಾಮ ಕೈ ಹಿಡಿದ. ಹಿಡಿದ ಮೇಲೆ ಬಿಡುವಂತಿರಲಿಲ್ಲ. ಒಂದೆರಡು ಸಲ ಸತ್ಯಪ್ಪನ ಸೀರೆಯ ಅಂಚು ತುಳಿದ, ಒಮ್ಮೆ ಎಡವಿದ, ಕೊನೆಗೆ ಕಾಲು ಹದಕ್ಕೆ ಬಂತು. ಕರ್ನಲ್ ಕುರ್ಚಿಯಲ್ಲೇ ತಾಳ ಹಾಕಿದರು. ರಾಯವ್ವ ಮಾವನನ್ನು ಹುಡುಕಿದಳು. ಅವನು ಕಂಬಕ್ಕೆ ಮುಖ ಕೊಟ್ಟು, ಬರೀ ಕಾಲಸಪ್ಪಳ ಕೇಳುತ್ತ ನಿಂತಿದ್ದ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಸತ್ಯಪ್ಪ ಹೆಂಡತಿಗೆ ಹೇಳಿದ: “ಅವನ ಕೈ ಬಾಳ ಬೆವತಿತ್ತು.” ಬಾಯಿ ಮುಕ್ಕಳಿಸಿ ಮತ್ತೆ ಕೇಳಿದ: “ತಾಟು ಹಿಡಿಯೋರ ಮೋಜಾ. ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಮೋಜಾನೂ ಸುಡತಿದ್ರಿ, ಮನೀನೂ ಸುಡತಿದ್ರಿ.”

ಅವನು ಅಪ್ಪನ ಜೊತೆ ಮಾತು ಬಿಟ್ಟ. ಅಪ್ಪ ಕಟ್ಟೆಗೆ ಬಂದರೆ ಇವನು ಒಳಗೆ, ಅಪ್ಪ ಒಳಗೆ ಬಂದರೆ ಇವನು ಬೀದಿಗೆ. ಸಾತವ್ವ ಹೊತ್ತಿಗೆ ಎರಡೆರಡು ಸಲ ಬಡಿಸಿ ಬಡಿಸಿ ಬೇಸತ್ತಳು. “ಒಬ್ಬ ಉಂಡ ಮ್ಯಾಲೆ ಒಬ್ಬಗ ಒಲಿ ಹೊತ್ತಸಾಕ ಕಟಗಿ ಯಾವ ಮಾವನ ಮನಿಯಿಂದ ಬರತಾವು?” ಎಂದು ಗೋಡೆಗೆ ಕೇಳುತ್ತಿದ್ದಳು. ಪಗಾರವೂ ಆಯಿತು. ಖೋಲಿಯ ಮಾತನ್ನು ಸತ್ಯಪ್ಪ ಎತ್ತಲಿಲ್ಲ, ಬಿಡಲೂ ಇಲ್ಲ. ಮೇಲ್ತುಟಿಯ ಮೇಲೆ ಮೀಸೆ ಮುಳ್ಳಿನಂತೆ ಚಿಗುರತೊಡಗಿತು.

ಒಂದು ಸಂಜೆ ಹನಮಂತ ಮಾಸ್ತರರು ಮತ್ತೆ ಬಂದರು, ಮತ್ತೆ ಅಂಗಳದ ಆಚೆಯೇ ನಿಂತರು. ಮೂಡಲಗಿಯವರು ಅದೇ ನಾಟಕವನ್ನು ತಮ್ಮೂರಲ್ಲೂ ಆಡಬೇಕೆಂದು ಕೇಳಿದ್ದರು. ಅಪ್ಪ ಕಟ್ಟೆಯ ಮೇಲೆ, ಮಗ ಬಾಗಿಲಲ್ಲಿ, ರಾಯವ್ವ ಒಲೆಯ ಮುಂದೆ.

“ಭೀಮರಾಯ, ಗೌರವ್ವ ಮಗನ್ನ ಕಳಸ್ತಾಳಂತ. ಖರೆ, ಮೋಜಾ ಹಾಕ್ಕೊಂಡ್ರ ಅಷ್ಟ. ಕರ್ನಲ್‌ಗ ವಯಸ್ಸಾಗೈತಿ, ಏನೋ ಅಂದಾರ. ಸಾಹೇಬರ ರಿವಾಜು ಇದ ಅಂತ ನೀ ಬಂದು ಆಕಿಗೊಂದ ಮಾತು ಹೇಳಿಬಿಡು. ಮೋಜಾ ಎಲ್ಲದಾವು?”

“ಒಲಿ ಮ್ಯಾಲೆ ಅದಾವ್ರಿ,” ಒಳಗಿನಿಂದ ರಾಯವ್ವ ಅಂದಳು. ಎರಡೂ ಕೈಗೆ ಆ ಕೈಗವಸು ಹಾಕಿಕೊಂಡು ಬೇಳೆಯ ಗಡಿಗೆಯನ್ನು ಇಳಿಸುತ್ತಿದ್ದಳು. ಬೆರಳ ತುದಿಗಳು ಮಸಿಯಿಂದ ಕಪ್ಪಾಗಿದ್ದವು.

ಭೀಮರಾಯ ಕಟ್ಟೆಯಿಂದ ಎದ್ದ. “ಇಲ್ರಿ ಮಾಸ್ತರ, ಹೇಳಂಗಿಲ್ಲ. ಸಾಹೇಬ್ರು ಬರಿಗೈಲೆ ಕುಣೀತಿದ್ರು. ಮೋಜಾ ನನ್ನವು. ನನ್ನ ಮೋಜಾ ನಾನ ಊರಿಗೆಲ್ಲ ತೊಡಸಿದೆ. ತಪ್ಪಾತು.”

ಬಾಗಿಲಲ್ಲಿದ್ದ ಸತ್ಯಪ್ಪ ಮಾತು ಬಿಟ್ಟ ಮೇಲೆ ಮೊದಲ ಸಲ ಅಪ್ಪನ ಮುಖ ನೋಡಿದ. ಆಮೇಲೆ ಮಾಸ್ತರರಿಗೆ ಹೇಳಿದ: “ಬರಿಗೈ ಅಂದ್ರ ನಾ ಮೀಸಿ ತಗೀತೇನಿ. ಮೋಜಾ ಅಂದ್ರ ಮೀಸಿ ಇರತಾವು. ಬ್ಯಾರೆ ಮೇಡಂ ನೋಡ್ಕೋರಿ.”

ಮರುದಿನ ಮಾಸ್ತರರು ಬರಲಿಲ್ಲ. ಶಿದ್ರಾಮನೇ ಬಂದ. ಸೈಕಲ್ಲಿನಿಂದ ಇಳಿಯದೆ ಒಂದು ಕಾಲನ್ನು ನೆಲಕ್ಕೂರಿ ನಿಂತ.

“ಶುಕ್ರವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಾ ಸತ್ಯಪ್ಪ. ಮೋಜಾ ಬ್ಯಾಡ. ಮೂಡಲಗ್ಯಾಗೂ ನನ್ನ ಬೇರರ್ ಅಂದ್ರ ಸಾಯೂದ ಆಗತೈತಿ.”

“ನಿಮ್ಮವ್ವ?”

“ಅವ್ವ ಮೂಡಲಗಿಗೆ ಬರಂಗಿಲ್ಲ.”

“ನೀರ ಕುಡೀತೀರೇನ್ರಿ?” ರಾಯವ್ವ ಬೇಕೆಂದೇ ಕೇಳಿದಳು.

“ಬ್ಯಾಡ, ಈಗ ಕುಡದ ಬಂದೇನಿ,” ಎಂದು ಶಿದ್ರಾಮ ಪೆಡಲು ತುಳಿದ.

ಶುಕ್ರವಾರ ಬೆಳಿಗ್ಗೆ ಸತ್ಯಪ್ಪ ಕನ್ನಡಿ, ಬಿಸಿನೀರು, ಕತ್ತಿ ಹಿಡಿದು ಅಂಗಳಕ್ಕೆ ಬಂದ. ಸಾತವ್ವ ಸೆರಗು ಬಿಗಿದು ಅಡ್ಡ ನಿಂತಳು. “ಅಪ್ಪ ಬದಕಿರಾಗ ಇನ್ನೊಮ್ಮೆ ತಗೀತಿಯೇನೋ? ನನ್ನ ಹೆಣದ ಮ್ಯಾಲೆ ತಗಿ.”

ಭೀಮರಾಯ ಅವಳನ್ನು ಸರಿಸಿ ಬಂದು ಮಗನ ಎದುರು ಕುಕ್ಕರಗಾಲಲ್ಲಿ ಕುಳಿತ. ಕತ್ತಿ ಇಸಿದುಕೊಂಡು ಅಂಗೈಗೆ ತಿಕ್ಕಿ ಅಲಗು ನೋಡಿದ. ಬರಿಗೈಯಿಂದ ಮಗನ ಗದ್ದ ಎತ್ತಿ ಹಿಡಿದ.

“ಅಪ್ಪ ಬದಕಿರಾಗ ಮಗ ತಗೀಬಾರದು. ಅಪ್ಪನ ತಗದ್ರ?”

ಸಾತವ್ವ ಬಿಗಿದ ಸೆರಗು ಸಡಿಲಿಸಿದಳು. ಒಳಗೆ ಹೋಗಿ ಅರಿಷಿಣದ ಬಟ್ಟಲು ತಂದಿಟ್ಟಳು.

“ಅಳ್ಳಾಡಬ್ಯಾಡ,” ಅಂದ ಭೀಮರಾಯ.

“ನೀ ಮಾತಾಡಬ್ಯಾಡ. ತುಟಿ ಕೊಯ್ದೀತು,” ಅಂದ ಸತ್ಯಪ್ಪ.

ಅಷ್ಟು ದಿನಗಳಲ್ಲಿ ಅವನು ಅಪ್ಪನ ಜೊತೆ ಆಡಿದ ಮೊದಲ ಮಾತು ಅದು. ರಾಯವ್ವ ಒಳಗಿನಿಂದ ಕೂಗಿದಳು: “ಲಗೂ ಮುಗಸ್ರಿ. ಇವತ್ತ ಇಬ್ಬರಿಗೂ ಒಂದ ಸಲ ಬಡಸ್ತೇನಿ.”